ಹಾಸನದಲ್ಲಿ ಕ್ಲಬ್ ಸೇರುವುದಾದರೆ ಜೂಡೋನಾ, ಬ್ರೆಜಿಲಿಯನ್ ಜಿಯು-ಜಿಟ್ಸುನಾ?

ಎರಡೂ ದಾಯಾದಿಗಳೇ. ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಜೂಡೋ ಶುರು ಮಾಡಿದರು. ಅವರ ಶಾಲೆಯ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಗ್ರೇಸಿ ಕುಟುಂಬ ಅದನ್ನು ಬೇರೆ ದಾರಿಯಲ್ಲಿ ಬೆಳೆಸಿತು.

ಜೂಡೋದಲ್ಲಿ ಎತ್ತಿ ಒಗೆಯುವುದೇ ಮುಖ್ಯ. ಎದುರಾಳಿಯ ಬೆನ್ನು ಜೋರಾಗಿ ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ? ಜಿಯು-ಜಿಟ್ಸುವಿನಲ್ಲಿ ಬಿದ್ದ ಮೇಲೇ ನಿಜವಾದ ಆಟ. ಅಂಗಾತ ಮಲಗಿಯೂ ಕಾಲುಗಳಿಂದಲೇ ಎದುರಾಳಿಯನ್ನು ಕಟ್ಟಿಹಾಕಬಹುದು. ಕತ್ತಿಗೋ ಮೊಣಕೈಗೋ ಪಟ್ಟು ಬಿದ್ದರೆ ಕೈ ತಟ್ಟಿ ಸೋಲು ಒಪ್ಪಬೇಕು. ತಟ್ಟಿದ ಕೂಡಲೇ ಬಿಡದವರ ಜೊತೆ ಅಭ್ಯಾಸವೇ ಬೇಡ.

ಶಾಲೆ ಮಕ್ಕಳಿಗೆ ನಾನು ಜೂಡೋ ಎನ್ನುತ್ತೇನೆ. ಶಾಲಾ ಕ್ರೀಡಾಕೂಟದಲ್ಲಿದೆ, ಒಲಿಂಪಿಕ್ಸ್‌ಗೆ 1964ರಲ್ಲೇ ಬಂತು. ಜಿಯು-ಜಿಟ್ಸು ಒಲಿಂಪಿಕ್ಸ್‌ನಲ್ಲಿಲ್ಲ.

ಮೂವತ್ತು ದಾಟಿದವರಿಗೆ ಜಿಯು-ಜಿಟ್ಸು ವಾಸಿ. ಮೇಲಿಂದ ದೊಪ್ಪನೆ ಬೀಳುವುದು ಕಡಿಮೆ. ಆದರೆ ಬೆಲ್ಟ್‌ಗೆ ಅವಸರ ಬೇಡ, ಕಪ್ಪು ಬೆಲ್ಟ್‌ಗೆ ಸುಮಾರು 10 ವರ್ಷ ಹಿಡಿಯುತ್ತದೆ. ಎರಡೇ ವರ್ಷದಲ್ಲಿ ಕೊಡುತ್ತೇವೆ ಎಂದರೆ ಸುಮ್ನೆ ಎದ್ದು ಬನ್ನಿ.

ದುಡ್ಡು ಕಟ್ಟುವ ಮುಂಚೆ ಮ್ಯಾಟ್ ಒತ್ತಿ ನೋಡಿ. ತೆಳು ಕಾರ್ಪೆಟ್ ಮೇಲೆ ಜೂಡೋ ಕಲಿಸುತ್ತಿದ್ದರೆ ಆ ಕ್ಲಬ್ ಬೇಡ.