‘ಸ್ಟೇಟ್ ರೆಕಗ್ನೈಸ್ಡ್’ ಅಂದರೆ ಸರ್ಕಾರಿ ಅಲ್ಲ: ಜರ್ಮನಿಗೆ ಎಂಎಸ್ ಮಾಡಲು ಹೊರಟವರು ದಯವಿಟ್ಟು ಓದಿ

ಪೇಢೆ ಹಂಚಿಬಿಟ್ಟಿದ್ದೆವು. ದುಡ್ಡು ಹೋದದ್ದು ಒಂದು ಕಡೆ ಇರಲಿ, ನನಗೆ ಈಗಲೂ ಚುಚ್ಚುವುದು ಅದೇ. ರಾಣೆಬೆನ್ನೂರಿನ ನಮ್ಮ ಓಣಿ ತುಂಬಾ ಹಂಚಿ, ಬೀಜದ ಅಂಗಡಿಗೆ ಬಂದ ಗಿರಾಕಿಗಳಿಗೂ ಕೊಟ್ಟು, ‘ಮಗನಿಗೆ ಜರ್ಮನಿಯಲ್ಲಿ ಸರ್ಕಾರಿ ಯೂನಿವರ್ಸಿಟಿ ಸೀಟು ಸಿಕ್ಕಿತು, ಫೀ ಇಲ್ಲ’ ಅಂತ ಅಪ್ಪ ಹೇಳಿಕೊಂಡಿದ್ದರು. ಅದು ಸರ್ಕಾರಿಯೂ ಅಲ್ಲ, ಫ್ರೀಯೂ ಅಲ್ಲ.

ನಾನು ಮೆಕ್ಯಾನಿಕಲ್. ವಿಟಿಯು, ಸಿಜಿಪಿಎ 7.6. ಪೀಣ್ಯದಲ್ಲಿ ಎರಡು ವರ್ಷ ಕೆಲಸ ಮಾಡಿ, ಒಂದಿಷ್ಟು ದುಡ್ಡು ಕೂಡಿಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆ. ಹೆಸರು ಹಾಕುವುದಿಲ್ಲ, ದೂರು ನಡೆಯುತ್ತಿದೆ. 75 ಸಾವಿರ ಫೀ, ಅದರ ಮೇಲೆ ಜಿಎಸ್‌ಟಿ, ಒಟ್ಟು 88,500. ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯ ಕಡೆಯವರು ನೋಡಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ 18 ಸಾವಿರ ಬೇರೆ. ಅದು ನಿಜವಾದ ಖರ್ಚೇ. 2022ರ ನವೆಂಬರ್‌ನಿಂದ ಎಪಿಎಸ್ ಇಲ್ಲದೆ ನಮ್ಮವರು ಸ್ಟೂಡೆಂಟ್ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. ಆಮೇಲೆ ‘ಯೂನಿವರ್ಸಿಟಿ ಅಪ್ಲಿಕೇಶನ್ ಫೀ’ ಅಂತ 20 ಸಾವಿರ. ಈ 20 ಸಾವಿರವನ್ನು ನೆನಪಿಟ್ಟುಕೊಳ್ಳಿ.

ಮೊದಲ ದಿನ ಕನ್ಸಲ್ಟೆನ್ಸಿಯ ಮೇಡಂ ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ. “7.6 ಆರಾಮಾಗಿ ಸಾಕು ಸರ್. ಜರ್ಮನ್ ಗ್ರೇಡ್ 2.2 ಆಗುತ್ತೆ. ಐದು ಪಬ್ಲಿಕ್ ಯೂನಿವರ್ಸಿಟಿಗೆ ಹಾಕೋಣ, ಎರಡಾದರೂ ಬರುತ್ತೆ.” ಆ ಲೆಕ್ಕವೇನೂ ಸುಳ್ಳಲ್ಲ. ಅಲ್ಲಿ 1 ಅಂದರೆ ತುಂಬಾ ಚೆನ್ನಾಗಿದೆ, 4 ಅಂದರೆ ಬರೀ ಪಾಸು. ಬೇಕಾದಷ್ಟು ಕೋರ್ಸ್‌ಗಳು 2.5ರ ಒಳಗಿದ್ದರೆ ಅರ್ಜಿ ತೆಗೆದುಕೊಳ್ಳುತ್ತವೆ. ನಾನು ನಂಬಿದೆ. ಅರ್ಜಿ ಹಾಕುವುದಕ್ಕೆ ಅಂತ ಅವರೇ ನನ್ನ ಹೆಸರಲ್ಲಿ ಒಂದು ಹೊಸ ಜಿಮೇಲ್ ಮಾಡಿದರು. ಪಾಸ್‌ವರ್ಡ್ ಅವರ ಹತ್ತಿರವೇ. “ನಿಮಗೆ ತಲೆನೋವು ಬೇಡ ಸರ್, ಎಲ್ಲಾ ನಾವು ನೋಡ್ಕೋತೀವಿ.”

ಅಲ್ಲೇ ಎದ್ದು ಬರಬೇಕಿತ್ತು.

2025ರ ಮಾರ್ಚ್‌ನಲ್ಲಿ ಆಫರ್ ಲೆಟರ್ ಬಂತು. ಬರ್ಲಿನ್ ಅಂತಿತ್ತು. ಕೆಳಗೆ ‘ಸ್ಟೇಟ್ ರೆಕಗ್ನೈಸ್ಡ್ ಯೂನಿವರ್ಸಿಟಿ’ ಅಂತಿತ್ತು. “ಪಬ್ಲಿಕ್ ಅಲ್ವಾ ಮೇಡಂ?” ಅಂತ ಕೇಳಿದೆ. ಕೇಳಲಿಲ್ಲ ಅನ್ನಬೇಡಿ, ಕೇಳಿದೆ. “ಸ್ಟೇಟ್ ರೆಕಗ್ನೈಸ್ಡ್ ಅಂತ ಬರೆದಿದೆಯಲ್ಲ ಸರ್, ಕಂಗ್ರಾಜುಲೇಶನ್ಸ್” ಅಂದರು. ನೋಡಿ, ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸ್ಟೇಟ್ ಅಂದರೆ ಸರ್ಕಾರ ಅಂದುಕೊಂಡು ನಾನು ಅಪ್ಪನಿಗೆ ಫೋನ್ ಮಾಡಿದೆ. ಪೇಢೆ ಬಂದದ್ದು ಅವತ್ತೇ ಸಂಜೆ.

ಮೂರನೇ ದಿನ ಆ ಲೆಟರನ್ನು ಜರ್ಮನಿಯ ಖೆಮ್ನಿಟ್ಸ್‌ನಲ್ಲಿ ಓದುತ್ತಿರುವ ಕಾಲೇಜಿನ ಸೀನಿಯರ್ ಒಬ್ಬರಿಗೆ ಕಳಿಸಿದೆ, ಹೆಮ್ಮೆಯಿಂದ. ಹತ್ತು ನಿಮಿಷಕ್ಕೆ ಫೋನ್ ಬಂತು. “ಲೇ, ಇದು ಪ್ರೈವೇಟ್ ಐತಿ. ಎರಡನೇ ಪೇಜಿನ್ಯಾಗ ಫೀ ನೋಡೀಯೇನು?” ನೋಡಿರಲಿಲ್ಲ. ಮೊದಲ ಪೇಜಿನ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ ಅಷ್ಟೇ. ವರ್ಷಕ್ಕೆ 11 ಸಾವಿರ ಯೂರೋ. ನಮ್ಮ ದುಡ್ಡಲ್ಲಿ 10 ಲಕ್ಷದ ಮೇಲೆ. ಆ ಸೀನಿಯರ್ರೇ ಬಿಡಿಸಿ ಹೇಳಿದರು: ಜರ್ಮನ್‌ನಲ್ಲಿ ‘ಷ್ಟಾಟ್ಲಿಷ್’ ಅಂತಷ್ಟೇ ಇದ್ದರೆ ಸರ್ಕಾರದ್ದು. ‘ಷ್ಟಾಟ್ಲಿಷ್ ಆನೆರ್ಕಾಂಟ್’ ಅಂದರೆ ಸರ್ಕಾರ ಮಾನ್ಯತೆ ಕೊಟ್ಟಿರುವ ಖಾಸಗಿಯದ್ದು. ನಮ್ಮೂರಲ್ಲಿ ಸರ್ಕಾರಿ ಶಾಲೆಗೂ ಸರ್ಕಾರದ ಮಾನ್ಯತೆ ಪಡೆದ ಶಾಲೆಗೂ ಇರುವ ವ್ಯತ್ಯಾಸವೇ. ಇಷ್ಟು ನನಗೆ ಹೊಳೆಯಲಿಲ್ಲ. ಇಂಜಿನಿಯರ್ ಬೇರೆ.

ಖಾಸಗಿಯವರು ಸ್ಟೂಡೆಂಟ್ ಸೇರಿಸಿದರೆ ಏಜೆಂಟರಿಗೆ ಕಮಿಷನ್ ಕೊಡುತ್ತಾರೆ. ಸರ್ಕಾರಿಯವರಿಂದ ಏಜೆಂಟರಿಗೆ ಏನೂ ಹುಟ್ಟುವುದಿಲ್ಲ. ಅಂದರೆ ನನ್ನ ಹತ್ತಿರವೂ ತೆಗೆದುಕೊಂಡು, ಅವರ ಹತ್ತಿರವೂ ತೆಗೆದುಕೊಳ್ಳುವ ವ್ಯಾಪಾರ.

ಮೇಡಂಗೆ ಫೋನ್ ಮಾಡಿದೆ. “ಇದು ಬ್ಯಾಕಪ್ ಸರ್. ಪಬ್ಲಿಕ್‌ಗೆ ಹಾಕಿದೀವಿ, ಪ್ರೋಸೆಸ್‌ನಲ್ಲಿದೆ.” ಏಪ್ರಿಲ್‌ನಲ್ಲಿ ಕೇಳಿದರೆ ಪ್ರೋಸೆಸ್‌ನಲ್ಲಿದೆ. ಮೇನಲ್ಲಿ ಕೇಳಿದರೆ ಪ್ರೋಸೆಸ್‌ನಲ್ಲಿದೆ. ಜೂನ್‌ನಲ್ಲಿ ಮೇಡಂ ರಜೆ. ಅಷ್ಟರಲ್ಲಿ ವೀಸಾಕ್ಕೆ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಇಟ್ಟು ತೋರಿಸಬೇಕಾದ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಬೇಕು ಅಂತ ಅಪ್ಪ ಹೊಲದ ಮೇಲೆ ಸಾಲಕ್ಕೆ ಬ್ಯಾಂಕಿಗೆ ಓಡಾಡುತ್ತಿದ್ದರು. ಅವರಿಗೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ‘ಬೇರೆ ಕಡೆಯಿಂದಲೂ ಸೀಟು ಬರುತ್ತೆ’ ಅಂದೆ. ಪ್ರೋಸೆಸ್‌ನಲ್ಲಿದೆ ಅಂದೆ, ಅವರ ಥರಾನೇ.

ಚಳಿಗಾಲದ ಸೆಮಿಸ್ಟರಿಗೆ ಬಹಳಷ್ಟು ಕಡೆ ಜುಲೈ 15 ಕೊನೇ ದಿನ. ಕೆಲವು ಕೋರ್ಸ್‌ಗಳದ್ದು ಮಾರ್ಚ್, ಮೇ ಹೊತ್ತಿಗೇ ಮುಗಿದಿರುತ್ತದೆ. ಜುಲೈ 18ರಂದು ರಜೆ ಹಾಕಿ ಅವರ ಆಫೀಸಿಗೆ ಹೋಗಿ, ಪಾಸ್‌ವರ್ಡ್ ಕೊಡುವವರೆಗೆ ಎದ್ದೇಳಲ್ಲ ಅಂತ ಕೂತೆ. ಮೂರು ಗಂಟೆ. ಎರಡು ಸಲ ಟೀ ಕೊಟ್ಟರು, ಪಾಸ್‌ವರ್ಡ್ ಕೊಡಲಿಲ್ಲ. ಕೊನೆಗೆ ಇನ್ನೊಬ್ಬ ಹುಡುಗ ತನ್ನ ಅಪ್ಪ ಅಮ್ಮನ ಜೊತೆ ದುಡ್ಡು ಕಟ್ಟಲು ಬಂದ. ಅವರ ಮುಂದೆ ಗಲಾಟೆ ಬೇಡ ಅಂತ ಚೀಟಿಯಲ್ಲಿ ಬರೆದು ಕೈಗಿಟ್ಟರು.

ಅಲ್ಲೇ ಮೊಬೈಲ್‌ನಲ್ಲಿ ಯೂನಿ-ಅಸಿಸ್ಟ್ ತೆಗೆದೆ, ಜರ್ಮನ್ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ವೆಬ್‌ಸೈಟ್ ಅದು. ಐದು ಕೋರ್ಸ್ ಆಯ್ಕೆ ಮಾಡಿಟ್ಟಿದ್ದರು. ಐದೂ ಹಾಗೇ ಬಿದ್ದಿದ್ದವು. ಒಂದೂ ಸಬ್ಮಿಟ್ ಆಗಿಲ್ಲ. ದುಡ್ಡೂ ಕಟ್ಟಿಲ್ಲ. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಐದಕ್ಕೆ 195 ಯೂರೋ. ಅದಕ್ಕೇ ಅಲ್ವಾ ಆ 20 ಸಾವಿರ ಕೊಟ್ಟದ್ದು? ಅವರು ಹಾಕಿದ್ದು ಅರ್ಜಿ ಫೀ ಇಲ್ಲದ ಆ ಖಾಸಗಿಯದ್ದೊಂದೇ. ಅದಕ್ಕೆ ಕಳಿಸಿದ್ದ ಎಸ್‌ಒಪಿ, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ನಾನು ಬರೆಯಬೇಕಿದ್ದ ಪತ್ರ ಕೂಡ ಮೇಲ್‌ನಲ್ಲಿತ್ತು. ‘ನನ್ನ ತಂದೆ ಸಿವಿಲ್ ಇಂಜಿನಿಯರ್, ಅವರೇ ನನಗೆ ಸ್ಫೂರ್ತಿ’ ಅಂತ ಶುರುವಾಗುತ್ತದೆ. ಯಾರ ತಂದೆಯೋ ಏನೋ.

ಕೇಳಿದ್ದಕ್ಕೆ ಮೇಡಂ ಉತ್ತರ: “ನಿಮ್ಮ ಸಿಜಿಪಿಎ ಕಡಿಮೆ ಸರ್, ಹಾಕಿದ್ದರೂ ರಿಜೆಕ್ಟ್ ಆಗ್ತಿತ್ತು.” ಅದೇ 7.6. ಅದೇ ಮೇಡಂ. ಅದೇ ಕುರ್ಚಿ.

ಮ್ಯಾನೇಜರ್ ಬಂದು ಅಗ್ರಿಮೆಂಟ್ ತೆಗೆದರು. “ಪಬ್ಲಿಕ್ ಅಂತ ಎಲ್ಲಿ ಬರೆದು ಕೊಟ್ಟಿದೀವಿ ತೋರಿಸಿ. ‘ಜರ್ಮನಿಯ ಯೂನಿವರ್ಸಿಟಿ’ ಅಂತಿದೆ. ಒಂದು ಆಫರ್ ಬಂತಲ್ಲ, ನಮ್ಮ ಕೆಲಸ ಮುಗೀತು.” ನಿಜ, ಪಬ್ಲಿಕ್ ಅನ್ನುವ ಪದ ಅದರಲ್ಲಿಲ್ಲ. ನಾಲ್ಕು ಪೇಜಿನಲ್ಲಿ ಎಲ್ಲೂ ಇಲ್ಲ. ಬಾಯಲ್ಲಿ ನೂರು ಸಲ ಹೇಳಿದ್ದು, ಕಾಗದದಲ್ಲಿ ಒಂದು ಸಲವೂ ಇಲ್ಲ. ಗೂಗಲ್‌ನಲ್ಲಿ ರಿವ್ಯೂ ಬರೆದ ಮೇಲೆ ಮಾತ್ರ ಅವರೇ ಫೋನ್ ಮಾಡಿದರು. ಆ ರಿವ್ಯೂ ತೆಗೆದರೆ 10 ಸಾವಿರ ವಾಪಸ್ ಕೊಡುತ್ತಾರಂತೆ. ಒಂದು ರಾತ್ರಿ ಯೋಚನೆ ಮಾಡಿದ್ದೂ ಹೌದು, ಸುಳ್ಳು ಯಾಕೆ ಹೇಳಲಿ.

ಹೋಗುವವರಿಗೆ ಇಷ್ಟೇ ಹೇಳುತ್ತೇನೆ. ಮೇಲ್ ಐಡಿ, ಪಾಸ್‌ವರ್ಡ್ ನಿಮ್ಮದೇ ಇರಲಿ. ಕೊಡಲ್ಲ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ‘ಪಬ್ಲಿಕ್’ ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಕೋರ್ಸ್‌ಗಳ ಪಟ್ಟಿ ಡಿಎಎಡಿ (ಹೊರಗಿನಿಂದ ಓದಲು ಬರುವವರಿಗೆ ಮಾಹಿತಿ ಕೊಡುವ ಜರ್ಮನ್ ಸಂಸ್ಥೆ) ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಫೀ ಎಷ್ಟು ಅಂತಲೂ ಇರುತ್ತದೆ. ಸರ್ಕಾರಿಯಲ್ಲೂ ಎಲ್ಲಾ ಕಡೆ ಫ್ರೀ ಅಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮತ್ತೆ ಅರ್ಜಿ ಹಾಕುವುದು ಅಂಥ ಬ್ರಹ್ಮವಿದ್ಯೆ ಏನಲ್ಲ. ಮುಂದಿನ ಸಲಕ್ಕೆ ಈಗ ನಾನೇ ಕೂತು ತುಂಬಿಸುತ್ತಿದ್ದೇನೆ. ಒಂದು ಭಾನುವಾರದ ಕೆಲಸ.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕಿದ್ದೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀ ಇಲ್ಲ. ಇನ್ನೂ ಡೇಟ್ ಬಂದಿಲ್ಲ.

ಹೋದ ವಾರ ಅದೇ ಆಫೀಸಿನಿಂದ ಮತ್ತೆ ಫೋನ್. ಯಾರೋ ಹೊಸ ಹುಡುಗಿ, ನಾನು ಯಾರು ಅಂತ ಗೊತ್ತಿಲ್ಲ. “ಸರ್, ನೀವು ನಮ್ಮ ಸಕ್ಸಸ್‌ಫುಲ್ ಸ್ಟೂಡೆಂಟ್ ಲಿಸ್ಟ್‌ನಲ್ಲಿದೀರ. ಫ್ರೆಂಡ್ಸ್ ಯಾರಿಗಾದರೂ ರಿಫರ್ ಮಾಡಿದರೆ ಒಬ್ಬರಿಗೆ 5 ಸಾವಿರ ಕೊಡ್ತೀವಿ” ಅಂದಳು.