ಲಿಖಿತ ಪರೀಕ್ಷೆಯೋ, ಧ್ವನಿಮುದ್ರಿತ ಸಮಾಲೋಚನೆಯೋ?

ಅಮೆರಿಕದಲ್ಲಿ ಪುನರ್ವಸತಿ ಆಪ್ತಸಮಾಲೋಚನೆಯ (ಅಂಗವೈಕಲ್ಯವುಳ್ಳವರಿಗೆ ಉದ್ಯೋಗ, ಬದುಕಿನಲ್ಲಿ ನೆರವಾಗುವ ಸಮಾಲೋಚನೆಯ) ಸ್ನಾತಕೋತ್ತರ ಕೋರ್ಸನ್ನು ಆರಿಸುವವರು, ಅಲ್ಲಿ ವಿದ್ಯಾರ್ಥಿಯ ಪ್ರಗತಿಯನ್ನು ಯಾವುದರಿಂದ ಅಳೆಯುತ್ತಾರೆಂದು ಮೊದಲು ವಿಚಾರಿಸಬೇಕು. ಸಮಗ್ರ ಲಿಖಿತ ಪರೀಕ್ಷೆಯು ಅಂಗವೈಕಲ್ಯ ಕಾನೂನು, ವೃತ್ತಿನೀತಿಗಳ ಓದನ್ನು ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಿಆರ್‌ಸಿ (ಪ್ರಮಾಣಿತ ಪುನರ್ವಸತಿ ಆಪ್ತಸಮಾಲೋಚಕ) ಪ್ರಮಾಣಪತ್ರದ ಪರೀಕ್ಷೆಗೂ ಅದು ಒಳ್ಳೆಯ ತಾಲೀಮು. ಆದರೆ ಸಾಮಾನ್ಯವಾಗಿ ಅದು ಬರುವುದು ಕೋರ್ಸಿನ ಕೊನೆಗೆ.

ವಿದ್ಯಾರ್ಥಿ ನಡೆಸಿದ ಸಮಾಲೋಚನೆಯ ಧ್ವನಿಮುದ್ರಣವನ್ನು ಕೇಳಿ ಮೇಲ್ವಿಚಾರಕರು ಮಾಡುವ ಮೌಲ್ಯಮಾಪನ ಹಾಗಲ್ಲ. ಆಪ್ತಸಮಾಲೋಚನೆಯ ಕೋರ್ಸುಗಳನ್ನು ಪರಿಶೀಲಿಸುವ ಕಾಕ್ರೆಪ್ ಸಂಸ್ಥೆಯ ಮಾನ್ಯತೆ ಪಡೆದ ಕೋರ್ಸುಗಳಲ್ಲಿ 100 ಗಂಟೆಗಳ ಪ್ರಾಕ್ಟಿಕಮ್ (ಆರಂಭಿಕ ಪ್ರಾಯೋಗಿಕ ತರಬೇತಿ), 600 ಗಂಟೆಗಳ ಇಂಟರ್ನ್‌ಶಿಪ್ ಕಡ್ಡಾಯ. ಬೆನ್ನುಹುರಿಗೆ ಪೆಟ್ಟಾದವರೊಬ್ಬರು ತಮ್ಮ ಹಳೆಯ ಕೆಲಸದ ಮಾತೆತ್ತಿ ಸುಮ್ಮನಾದಾಗ, ವಿದ್ಯಾರ್ಥಿ ಆ ಮೌನಕ್ಕೆ ಜಾಗ ಕೊಟ್ಟನೋ, ಅವಸರದಿಂದ ಸಲಹೆ ಕೊಟ್ಟನೋ ಎಂಬುದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ; ತಿದ್ದಿಕೊಳ್ಳಲು ಸಮಯವೂ ಉಳಿದಿರುತ್ತದೆ. ಇದಕ್ಕೇ ಹೆಚ್ಚು ತೂಕ ಕೊಡುವ ಕೋರ್ಸನ್ನು ನಾನು ಸೂಚಿಸುತ್ತೇನೆ. ಮೇಲ್ವಿಚಾರಕರು ಬದಲಾದರೆ ಅಂಕ ಬದಲಾಗದಂತೆ ಲಿಖಿತ ಮಾನದಂಡವಿದೆಯೇ ಎಂಬುದನ್ನು ಮಾತ್ರ ಸೇರುವ ಮೊದಲೇ ಕೇಳಿಕೊಳ್ಳಿ.