ಸಾಲುಸಾಲಾಗಿ ಓದಲು ಎಫ್‌ಗೆಟ್ಸ್ ಸಾಕೇ?

ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯೊಂದರ ಹಳೇ ಲೆಕ್ಕವನ್ನು ಡೇಟಾಬೇಸಿಗೆ ಏರಿಸುವ ಕೆಲಸ ಬಂದಿತ್ತು. ಒಂದೇ ಸಿಎಸ್‌ವಿ ಫೈಲ್ (ಕಾಲಮ್ಮುಗಳ ನಡುವೆ ಅಲ್ಪವಿರಾಮ ಇಟ್ಟ ಪಠ್ಯದ ಫೈಲ್), 340 ಎಂಬಿ. ನಾನು ಹುಬ್ಬಳ್ಳಿಯಲ್ಲಿ ಕೂತು ಕೋಡ್ ಬರೆಯುವುದು ಪಿಎಚ್‌ಪಿ ಭಾಷೆಯಲ್ಲಿ. ಫೈಲನ್ನು ಒಮ್ಮೆಗೆ ಒಂದು ಸಾಲಿನಂತೆ ಓದುವ ಅದರ ಫಂಕ್ಷನ್ನೇ ಎಫ್‌ಗೆಟ್ಸ್; ಈ ಕೆಲಸಕ್ಕೆ ಅದೊಂದೇ ಸಾಕೇ ಅನ್ನುವುದು ಪ್ರಶ್ನೆ.

ಮೊದಲು ಸೋಮಾರಿಗಳ ದಾರಿ: ಇಡೀ ಫೈಲನ್ನು ಒಂದೇ ಏಟಿಗೆ ಅರೇ (ಸಾಲುಗಳ ಪಟ್ಟಿ) ಮಾಡಿಕೊಡುವ 'ಫೈಲ್' ಫಂಕ್ಷನ್. 134217728 ಬೈಟ್ ಮುಗಿದವು ಅಂತ ಸತ್ತೇ ಹೋಯಿತು. ಪಿಎಚ್‌ಪಿಯ ಡಿಫಾಲ್ಟ್ ಮೆಮೊರಿ ಮಿತಿ 128 ಎಂಬಿ, ಅದರದೇ ಲೆಕ್ಕ ಇದು. "ಲಿಮಿಟ್ ಒಂದ್ ಜಿಬಿ ಮಾಡ್ರಿ ಅಣ್ಣಾರ, ಮುಗೀತಲ್ಲ" ಅಂದ ಜೊತೆಯ ಹುಡುಗ. ಇಬ್ಬರು ಒಮ್ಮೆಗೇ ಪುಟ ತೆರೆದರೆ ಅದರ ಎರಡರಷ್ಟು ಬೇಕಲ್ಲಪ್ಪಾ!

ಆಮೇಲೆ ಸಾಲು ನೋಡದೆ ಬೈಟ್ ಎಣಿಸಿ ಓದುವ ಎಫ್‌ರೀಡ್, 8192 ಬೈಟಿನ ತುಂಡುಗಳಲ್ಲಿ. ವೇಗಕ್ಕೆ ದೂರಿಲ್ಲ. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್; 'ಬ್ಯಾಡಗಿ' ಅನ್ನುವುದಕ್ಕೇ 21. ತುಂಡು ಎಲ್ಲಿ ಬೇಕಾದರೂ ಕಡಿಯುತ್ತದೆ. ಒಂದು ಕಡೆ 'ಡಬ್ಬಿ' ತಳಿಯ ಗುಡಿಸು ಹಾರಿ ಪ್ರಶ್ನಾರ್ಥಕ ಡಬ್ಬಿ ಕೂತಿತ್ತು. ಉಳಿದ ಬಾಲವನ್ನು ಮುಂದಿನ ತುಂಡಿಗೆ ಹೊಲಿಯುವ ಕೋಡ್ ಬರೆದೆ, ಒಂದು ವಾರದ ನಂತರ ನನಗೇ ತಿಳಿಯಲಿಲ್ಲ.

ಎಫ್‌ಗೆಟ್ಸ್‌ಗೆ ಈ ತಾಪತ್ರಯವಿಲ್ಲ. ಸಾಲು ಮುಗಿಯುವ ಬೈಟಿನ ಬೆಲೆ 10. ಕನ್ನಡದ ಬೈಟುಗಳೆಲ್ಲ 127ರ ಮೇಲೆ. ಹಾಗಾಗಿ ಅಕ್ಷರ ಅರ್ಧಕ್ಕೆ ಮುರಿಯುವ ಮಾತೇ ಇಲ್ಲ. ಒಮ್ಮೆಗೆ ಒಂದೇ ಸಾಲು, ಮೆಮೊರಿ ಮೀಟರು ಅಲುಗಲೇ ಇಲ್ಲ. ನಾನು ಎಡವಿದ್ದು ಲೂಪಿನಲ್ಲಿ: 'ಫೈಲ್ ಮುಗಿಯದವರೆಗೆ' ಅಂತ ಎಫ್‌ಇಒಎಫ್ ಕೇಳಿದೆ, ಕೊನೆಗೊಂದು ಖಾಲಿ ದಾಖಲೆ ಸೇರಿಕೊಂಡಿತು. ಎಫ್‌ಗೆಟ್ಸ್ 'ಫಾಲ್ಸ್' ಕೊಟ್ಟಿತೇ ಅಂತ ಮೂರು ಚಿಹ್ನೆಯ ಹೋಲಿಕೆಯಲ್ಲೇ (===) ನೋಡಬೇಕು.

ಇಷ್ಟಾದರೂ ನೂರಾರು ಲಾಟುಗಳು ಎರಡೆರಡು ದಾಖಲೆಗಳಾಗಿ ಒಡೆದಿದ್ದವು. ಷರಾ ಕಾಲಮ್ಮಿನಲ್ಲಿ ಗುಮಾಸ್ತ ಎಂಟರ್ ಒತ್ತಿದ್ದ! ಉದ್ಧರಣ ಚಿಹ್ನೆಗಳೊಳಗಿನ ಹೊಸಸಾಲನ್ನು ಅರಿಯುವುದು ಎಫ್‌ಗೆಟ್‌ಸಿಎಸ್‌ವಿ. ಅದೂ ಒಮ್ಮೆಗೆ ಒಂದೇ ದಾಖಲೆ ಓದುತ್ತದೆ, ಕೊಂಚ ನಿಧಾನ. ಲಾಗ್ ಫೈಲಿಗೆ ಎಫ್‌ಗೆಟ್ಸ್, ಸಿಎಸ್‌ವಿಗೆ ಇದು ಅಂತ ಅಲ್ಲಿಗೇ ನಿರ್ಧರಿಸಿದೆ.

2013ರಲ್ಲಿ ಪಿಎಚ್‌ಪಿ 5.5ರೊಂದಿಗೆ ಬಂದ, ದಾಖಲೆಗಳನ್ನು ಒಂದೊಂದಾಗಿ ಹೊರಕೊಡುವ 'ಯೀಲ್ಡ್' ಬಳಸಿದರೆ ಕೋಡ್ ಚೆಂದ, ಆದರೆ ಒಳಗೆ ಓದುವುದು ಎಫ್‌ಗೆಟ್ಸ್ ಇಲ್ಲವೇ ಎಫ್‌ಗೆಟ್‌ಸಿಎಸ್‌ವಿಯೇ.

ನಡುವೆ ಕರೆಂಟ್ ಹೋಯಿತು; ಬಿಟ್ಟಲ್ಲಿಂದಲೇ ಮುಂದುವರಿಯಬೇಕಿತ್ತು. ಪಿಎಚ್‌ಪಿಯಲ್ಲೇ ಇರುವ ಫೈಲ್ ಓದುವ ಇನ್ನೊಂದು ಸಲಕರಣೆ, ಎಸ್‌ಪಿಎಲ್‌ಫೈಲ್‌ಆಬ್ಜೆಕ್ಟ್‌ನ 'ಸೀಕ್' ಇಂಥ ಸಾಲಿಗೆ ಹೋಗು ಅಂದರೆ ಹೋಗುತ್ತದೆ, ಆದರೆ ಮೊದಲಿನಿಂದ ಎಣಿಸುತ್ತಾ. ಅದನ್ನು ಬಿಟ್ಟು, ಸಾವಿರ ದಾಖಲೆಗೊಮ್ಮೆ ಎಫ್‌ಟೆಲ್ ಹೇಳುವ ಬೈಟ್ ಸ್ಥಾನವನ್ನು ಪುಟ್ಟ ಫೈಲಿನಲ್ಲಿ ಬರೆದಿಟ್ಟೆ. ಮುಂದಿನ ಸಲ ಕರೆಂಟ್ ಬಂದಾಗ ಎಫ್‌ಸೀಕ್ ನೇರ ಅಲ್ಲಿಗೇ ಇಳಿಸಿತು.